ಸರ್ಕಾರ ಬದಲಾದರೆ ಆರೋಗ್ಯ ಕಾರ್ಡ್ ಯಾಕೆ ಬದಲಾಗುತ್ತದೆ?

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರ್ ತೆಗೆದು ನೋಡಿ. ಎರಡು ಮೂರು ಆರೋಗ್ಯ ಕಾರ್ಡ್ ಇದ್ದರೆ ಆಶ್ಚರ್ಯವಿಲ್ಲ. ಯಾವುದು ನಡೆಯುತ್ತದೆ ಅಂತ ಮಾತ್ರ ಮನೆಯವರಿಗೂ ಖಾತ್ರಿ ಇರುವುದಿಲ್ಲ.

2003ರ ಜೂನ್‌ನಲ್ಲಿ ಯಶಸ್ವಿನಿ ಬಂತು. ಸಹಕಾರ ಸಂಘದ ಸದಸ್ಯರು ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ ಖರ್ಚು ಯೋಜನೆಯದ್ದು. ಆಮೇಲೆ ಬಡವರ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ, ಎಪಿಎಲ್‌ನವರಿಗೆ ರಾಜೀವ್ ಆರೋಗ್ಯ ಭಾಗ್ಯ. ಹೆಸರು ನೋಡಿದರೇ ಯಾವುದು ಯಾರ ಕಾಲದ್ದು ಅಂತ ಗೊತ್ತಾಗುತ್ತದೆ, ಅಲ್ವಾ?

ಗೋಜಲು ಜಾಸ್ತಿಯಾಗಿದ್ದು 2018ರಲ್ಲಿ. ಮಾರ್ಚ್ 2ರಂದು ಇವನ್ನೆಲ್ಲ ಒಟ್ಟು ಸೇರಿಸಿ 'ಆರೋಗ್ಯ ಕರ್ನಾಟಕ' ಶುರುವಾಯಿತು. ಮೇ ತಿಂಗಳ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಒಂದು ಸರ್ಕಾರ ಮೂರೇ ದಿನಕ್ಕೆ ಹೋಯಿತು. 23ಕ್ಕೆ ಮೈತ್ರಿ ಸರ್ಕಾರ ಬಂತು. ಅದೇ ತಿಂಗಳ ಕೊನೆಗೆ ಯಶಸ್ವಿನಿ ನಿಂತಿತು. ಹದಿನೈದು ವರ್ಷ ನಡೆದ ಯೋಜನೆ ನಿಂತಾಗ ವಿಧಾನಸೌಧದಲ್ಲಿ ಎಲ್ಲರೂ ತಲೆ ಎಣಿಸುವುದರಲ್ಲೇ ಇದ್ದರು.

ಸೊಸೈಟಿಯಲ್ಲಿ ದುಡ್ಡು ಕಟ್ಟಿ, ಕಾರ್ಡ್ ಹಿಡಿದು ನೇರ ಖಾಸಗಿ ಆಸ್ಪತ್ರೆಗೆ ಹೋಗಿ ರೂಢಿಯಾದವರಿಗೆ ಆರೋಗ್ಯ ಕರ್ನಾಟಕದ ಹೊಸ ದಾರಿ ಸುತ್ತುಬಳಸು ಎನಿಸಿತು. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಯಾದರೆ ರೆಫರಲ್ ಚೀಟಿ. ಅದಾದ ಮೇಲೆ ಖಾಸಗಿ. ಜಗಳೂರು ಕಡೆಯವರಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬಂದು, ಚೀಟಿ ಮಾಡಿಸಿ, ಮುಂದಿನ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಮುಂದೆ ಕೂರಬೇಕು. ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತವೂ ಇದರ ಜತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ ಶೇ 30 ಮಾತ್ರ. ಎಪಿಎಲ್ ಕಾರ್ಡಿನ ನಾಲ್ಕೆಕರೆ ಅಡಿಕೆ ತೋಟದವನು ಯಶಸ್ವಿನಿಯಲ್ಲಿ ಕಟ್ಟಿದ ದುಡ್ಡಿಗೆ ತಕ್ಕ ಹಕ್ಕು ಕೇಳುತ್ತಿದ್ದ. ಅವನಿಗೆ ಈ ಲೆಕ್ಕ ಹಿಡಿಸಲಿಲ್ಲ.

ಮೈತ್ರಿ ಸರ್ಕಾರ 2019ರ ಜುಲೈನಲ್ಲಿ 99–105 ಮತಗಳಿಂದ ಬಿತ್ತು. 2022ರ ನವೆಂಬರ್‌ನಲ್ಲಿ ಮುಂದಿನವರು ಯಶಸ್ವಿನಿಗೆ ಮತ್ತೆ ನೋಂದಣಿ ಶುರುಮಾಡಿದರು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಇತ್ತು. 2023ರಲ್ಲಿ ಸರ್ಕಾರ ಮತ್ತೆ ಬದಲಾದರೂ ಯೋಜನೆ ಉಳಿಯಿತು.

ಇಷ್ಟು ಸಲೀಸಾಗಿ ನಿಲ್ಲಿಸಿ, ಶುರುಮಾಡಿ ಆಡಲು ಆಗುವುದು ಯಾಕೆಂದರೆ, ಇವಕ್ಕೆ ಮಸೂದೆಯೇ ಬೇಕಿಲ್ಲ. ಸಂಪುಟದ ತೀರ್ಮಾನ, ಬಜೆಟ್‌ನಲ್ಲಿ ದುಡ್ಡು, ಒಂದು ಸರ್ಕಾರಿ ಆದೇಶ ಇದ್ದರೆ ಸಾಕು.

ಮಸೂದೆಯ ದಾರಿ ಬೇರೆ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತಂದಾಗ ಸರ್ಕಾರಕ್ಕೆ ವಿಧಾನಸಭೆಯಲ್ಲಿ ಸ್ಪಷ್ಟ ಬಹುಮತವಿತ್ತು. ಆದರೂ ಅದು ಜಂಟಿ ಸಮಿತಿಗೆ ಹೋಯಿತು. ನವೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೆ, ರಾಜ್ಯದ ತುಂಬ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ತಪ್ಪು ಮಾಡಿದ ವೈದ್ಯರಿಗೆ ಜೈಲು ಎಂಬ ಅಂಶ ಸಡಿಲವಾಯಿತು. ಅರ್ಧ ಸೋತು ಪಾಸಾದ ಕಾಯ್ದೆ ಅಂತ ಆಗ ಬೈದವರು ಬಹಳ. ಆದರೆ ಆಮೇಲೆ ಬಂದ ಯಾವ ಸರ್ಕಾರವೂ ಅದನ್ನು ಕಿತ್ತು ಹಾಕಲಿಲ್ಲ. ಅಮೆರಿಕದಲ್ಲೂ ಹಾಗೇ ಆಯಿತು: 2010ರ ಆರೋಗ್ಯ ಕಾಯ್ದೆಯನ್ನು (ಒಬಾಮಾಕೇರ್) ತೆಗೆಯುವ ಯತ್ನ 2017ರಲ್ಲಿ, ಆ ಕಾಯ್ದೆಯ ವಿರೋಧಿಗಳಿಗೇ ಬಹುಮತವಿದ್ದ ಸೆನೆಟ್‌ನಲ್ಲಿ, 49–51ರಲ್ಲಿ ಬಿದ್ದುಹೋಯಿತು.

ಬಾಕಿ ಬಿಲ್ ತೋರಿಸಿ ಶವ ಕೊಡದೆ ಇರುವಂತಿಲ್ಲ ಎಂಬ ನಿಯಮ ಬಂದದ್ದು ಆ ತಿದ್ದುಪಡಿಯಿಂದಲೇ. ಅದನ್ನು ಕೇಳಲು ಯಾವ ಕಾರ್ಡೂ ಬೇಕಿಲ್ಲ.