ಮೇ 31ರವರೆಗೂ ದೋಣಿ ಓಡಿಸಿ, ಆಮೇಲೆ ಶೆಡ್‌ಗೆ ತಗೊಂಡು ಹೋಗಬಹುದಾ?

ಓದುಗರ ಪ್ರಶ್ನೆ: ನಾನು ಬೆಳಗಾವಿ ಕಡೆಯವನು, ಈಗ ಗೋವಾದ ಮಾಪುಸಾದಲ್ಲಿದ್ದೇನೆ. ಗೆಳೆಯರು ಮೂವರು ಸೇರಿ ತಗೊಂಡ ಚಿಕ್ಕ ಫೈಬರ್ ದೋಣಿ ಚಾಪೋರಾದಲ್ಲಿದೆ. ಮಳೆಗಾಲಕ್ಕೆ ಅದನ್ನು ಜುವಾರಿ ನದಿ ದಂಡೆಯ ಶೆಡ್‌ನಲ್ಲಿ ಇಡಬೇಕು. ಮೀನುಗಾರಿಕೆ ನಿಷೇಧ ಶುರುವಾಗೋದು ಜೂನ್ 1ಕ್ಕೆ ಅಲ್ವಾ? ಮೇ 31ರವರೆಗೂ ಓಡಿಸಿ, ಸಮುದ್ರದ ಮೇಲೆಯೇ ತಗೊಂಡು ಹೋಗಬಹುದಾ?

ಉತ್ತರ: ಬೇಡ. ಮೇ ಎರಡನೇ ವಾರದಲ್ಲೇ ಹೊರಡಿ. ಅದು ತಪ್ಪಿದರೆ ಟ್ರೇಲರ್ ಮೇಲೆ ರಸ್ತೆಯಲ್ಲಿ ತನ್ನಿ.

ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮೀನು ಮರಿ ಮಾಡುವ ಕಾಲಕ್ಕೆ ಅಂತ ಮಾಡಿದ್ದು. ನಿಮ್ಮ ದೋಣಿಗೆ ಕಡಲು ಯಾವಾಗ ಮುಚ್ಚುತ್ತದೆ ಅನ್ನೋದನ್ನು ಆ ತಾರೀಖು ಹೇಳುವುದಿಲ್ಲ. ಗೋವಾಕ್ಕೆ ಮಳೆ ಬರುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ. ಆದರೆ 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬೈ ಮುಟ್ಟಿತ್ತು. 2021ರಲ್ಲಿ ತೌಕ್ತೆ ಚಂಡಮಾರುತ ಮೇ 16ಕ್ಕೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು.

ನಮ್ಮಂಥ ಬಯಲುಸೀಮೆಯವರಿಗೆ ಬೇಗ ಅರ್ಥವಾಗದ ಮಾತು ಒಂದಿದೆ. ಮಳೆ ಬರುವುದಕ್ಕೆ ಮೊದಲೇ ಕಡಲು ಏಳುತ್ತದೆ. ದೂರದ ದಕ್ಷಿಣದಲ್ಲಿ ಎದ್ದ ಗಾಳಿಯ ಅಲೆ ಇಲ್ಲಿಗೆ ಬರುವಾಗ ಇಲ್ಲಿ ಬಿಸಿಲಿರುತ್ತದೆ, ಎಲೆ ಕೂಡ ಅಲುಗುವುದಿಲ್ಲ. ದಡದಲ್ಲಿ ನಿಂತು ನೋಡಿದರೆ ನೀರು ಸುಮ್ನೆ ಮೇಲೆ ಕೆಳಗೆ ಉಸಿರಾಡಿದಂತೆ ಕಾಣುತ್ತದೆ. ಅದೇ ಅಲೆ ಅಳಿವೆಯ, ಅಂದರೆ ನದಿ ಕಡಲು ಸೇರುವ ಬಾಯಿಯ, ಮರಳುದಿಬ್ಬಕ್ಕೆ ಬಂದಾಗ ಎದ್ದು ಒಡೆಯುತ್ತದೆ. ಆಗ ನದಿಯ ನೀರು ಇಳಿತದಲ್ಲಿ ಹೊರಗೆ ಹರಿಯುತ್ತಿದ್ದರೆ ಇನ್ನೂ ಕಷ್ಟ. ಎದುರು ಹರಿವಿಗೆ ಸಿಕ್ಕ ಅಲೆ ಒತ್ತೊತ್ತಾಗಿ, ಕಡಿದಾಗಿ, ಗೋಡೆಯಂತೆ ನಿಲ್ಲುತ್ತದೆ. ಹದಿನೆಂಟು ಅಡಿಯ ದೋಣಿ ಅಲ್ಲಿ ಅಡ್ಡ ತಿರುಗಿದರೆ ಮಗುಚಲು ಒಂದೇ ಅಲೆ ಸಾಕು.

ಹಾಗಾಗಿ ದಿನವನ್ನು ಅಳಿವೆ ನೋಡಿ ಗೊತ್ತು ಮಾಡಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಹರಿವಿನ ಸೆಳೆತ ಜಾಸ್ತಿ. ಅಷ್ಟಮಿಯ ಆಸುಪಾಸಿನ ದಿನಗಳು ಮೆತ್ತಗಿರುತ್ತವೆ. ಆ ದಿನಗಳಲ್ಲಿ ಉಬ್ಬರ ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ ಹತ್ತಿರ ಬರುತ್ತದೆ, ಅದೂ ಅನುಕೂಲವೇ. ಟೈಡ್ ಟೇಬಲ್‌ನಲ್ಲಿ ಗಂಟೆ ನೋಡಿಕೊಂಡು, ಉಬ್ಬರ ಮುಗಿಯುವ ಹೊತ್ತಿಗೆ ಚಾಪೋರಾ ಅಳಿವೆ ದಾಟಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರತಿದಿನ ಅಲೆಯ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಗಾಳಿಗಿಂತ ಮೊದಲು ಅಲೆಯ ಎತ್ತರ ನೋಡಿ. ಹಿಂದಿನ ಸಂಜೆ ಜೆಟ್ಟಿಯಲ್ಲಿ ಮೀನುಗಾರರನ್ನೂ ಕೇಳಿ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ದಾರಿ ದೊಡ್ಡದೇನಲ್ಲ. ವಾಗಾತೋರ್, ಅಂಜುನಾ, ಬಾಗಾ, ಕಲಂಗುಟ್, ಕಾಂದೋಲಿ ಎಡಕ್ಕೆ ಬಿಟ್ಟು ಆಗ್ವಾದ ಕೋಟೆಯ ಮೂಲೆ, ಅಲ್ಲಿಂದ ಮಾಂಡೋವಿ ನದಿಯ ಬಾಯಿ, ರಾಜಭವನವಿರುವ ಕಾಬೋ ಭೂಶಿರ, ಆಮೇಲೆ ಜುವಾರಿ. ಸಮುದ್ರದ ಮೇಲೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಅಂಜುನಾ ಮತ್ತು ಬಾಗಾ ನಡುವೆ ಬಂಡೆ ಇದೆ, ದಡದಿಂದ ದೂರ ಇರಿ. ಹೊತ್ತು ಏರಿದಂತೆ ಕಡಲ ಗಾಳಿ ಏಳುತ್ತದೆ, ಅದಕ್ಕೇ ಒಂಬತ್ತು ಗಂಟೆಯೊಳಗೆ ಆಗ್ವಾದ ದಾಟಿರಬೇಕು.

ನಾವು ಒಂದು ವರ್ಷ ಹೀಗೇ ಕಾದೆವು. ಶೆಡ್‌ನವರು ಇವತ್ತು ನಾಳೆ ಅಂತ ಹತ್ತು ದಿನ ತಳ್ಳಿದರು. ಮೇ ಕೊನೆಗೆ ಹೊರಟಾಗ ಆಕಾಶ ಶುಭ್ರವಾಗಿತ್ತು. ಮಾಂಡೋವಿ ಬಾಯಿಯ ಎದುರು ಬಂದಾಗ ಪಕ್ಕದ ದೋಣಿ ಅಲೆಯ ಹಿಂದೆ ಪೂರ್ತಿ ಮರೆಯಾಗಿ ಮತ್ತೆ ಕಾಣುತ್ತಿತ್ತು. ಜೊತೆಗಿದ್ದ ಹುಡುಗ ಗದಗದವನು, ಈಜು ಬಾರದವನು. ಅವನು ಲೈಫ್ ಜಾಕೆಟ್‌ನ ಪಟ್ಟಿ ಹಿಡಿದುಕೊಂಡು ಒಂದೂ ಮಾತಾಡದೆ ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅವನನ್ನು ಆ ದಿನ ಕರೆದೊಯ್ಯಬಾರದಿತ್ತು.

ದೊಡ್ಡ ಹಡಗಿಗೂ ಈ ಕಡಲು ರಿಯಾಯಿತಿ ಕೊಡುವುದಿಲ್ಲ. 2000ದ ಜೂನ್‌ನಲ್ಲಿ ರಿವರ್ ಪ್ರಿನ್ಸೆಸ್ ಎಂಬ ಹಡಗು ಕಾಂದೋಲಿ ಎದುರು ಮರಳಿಗೆ ಸಿಕ್ಕಿ ಹತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಕೂತಿತ್ತು. ಅದಿರು ಸಾಗಿಸುವ ಬಾರ್ಜ್‌ಗಳು ಮಳೆಗಾಲದಲ್ಲಿ ಮಾಂಡೋವಿಯ ಬಾಯಿ ಬಿಟ್ಟು, ಕುಂಭಾರಜುವೆ ಕಾಲುವೆಯಿಂದ ಜುವಾರಿಗೆ ಇಳಿದು ಮುರಗಾಂವ್ ಬಂದರು ಸೇರುತ್ತಿದ್ದವು. ಆಗ್ವಾದ ಎದುರಿನ ಮರಳುದಿಬ್ಬವೇ ಅದಕ್ಕೆ ಕಾರಣ. ಈ ಒಳದಾರಿ ನಿಮಗೂ ಉಪಯೋಗಕ್ಕೆ ಬರಬಹುದು. ಆಗ್ವಾದವರೆಗೆ ಬಂದಾಗ ಮುಂದೆ ಅಲೆ ಜೋರಾಗಿ ಕಂಡರೂ, ನದಿಯ ಬಾಯಿ ಇನ್ನೂ ಶಾಂತವಾಗಿದ್ದರೆ ಒಳಗೆ ತಿರುಗಿ. ಪಣಜಿ ದಾಟಿ ಆ ಕಾಲುವೆ ಹಿಡಿದರೆ ಸಮುದ್ರವೇ ಬೇಡ. ಅಲ್ಲಿ ಮೊಸಳೆಗಳಿವೆ, ಕೈ ನೀರಿಗೆ ಇಳಿಬಿಡಬೇಡಿ.

ಪೆಟ್ರೋಲ್ ಮೂರು ಪಾಲು ಇರಲಿ. ಹೋಗಲು ಒಂದು, ತಿರುಗಿ ಬರಲು ಒಂದು, ಕಷ್ಟಕ್ಕೆ ಒಂದು. ಎಲ್ಲರೂ ಜಾಕೆಟ್ ಹಾಕಿಕೊಂಡೇ ಕೂರಬೇಕು. ಕೋಸ್ಟ್ ಗಾರ್ಡ್ ನಂಬರ್ 1554, ಎಲ್ಲರ ಫೋನಿನಲ್ಲೂ ಇರಲಿ.

ಶೆಡ್ ಮುಟ್ಟಿದ ದಿನವೇ ಎಂಜಿನ್‌ಗೆ ಸಿಹಿನೀರು ಹರಿಸಿ ಉಪ್ಪು ತೊಳೆಯಿರಿ. ಬ್ಯಾಟರಿ ಮನೆಗೆ ತನ್ನಿ. ದೋಣಿಯ ಮೂತಿ ಸ್ವಲ್ಪ ಮೇಲಿರಲಿ, ಹಿಂಭಾಗ ತಗ್ಗಿರಲಿ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಇಲ್ಲಿನವರು ತೆಂಗಿನ ಮಡಲು ಹೆಣೆದು ಹೊದಿಸುತ್ತಾರೆ, ಮಳೆ ನಿಲ್ಲುತ್ತದೆ, ಗಾಳಿಯೂ ಆಡುತ್ತದೆ. ತಳದ ಬುಚ್ಚು ಬಿಚ್ಚಿಡಿ, ಇಲ್ಲದಿದ್ದರೆ ಒಳಗೆ ತುಂಬಿದ ಮಳೆನೀರಿನ ಭಾರಕ್ಕೇ ದೋಣಿ ಬಿರಿಯುತ್ತದೆ. ಬಿಚ್ಚಿದ ಬುಚ್ಚನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಕೆಂಪು ದಾರದಲ್ಲಿ ಸ್ಟೀರಿಂಗ್‌ಗೇ ಕಟ್ಟಿ. ಮತ್ತೆ ನೀರಿಗೆ ಇಳಿಸುವ ದಿನ ಮೊದಲು ಕೈಗೆ ಸಿಗಬೇಕಾದ್ದು ಅದೇ.