ಬಿಸಿನೀರಿನಿಂದ ಕರೆಂಟು: ಲೆಕ್ಕ ಶುರುವಾಗಬೇಕಾದ್ದು ತಣ್ಣನೆ ಕಡೆಯಿಂದ

ಸೆಕೆಂಡಿಗೆ 10 ಕೆಜಿಯಂತೆ ಹರಿಯುವ ನೀರು 95 ಡಿಗ್ರಿ ಸೆಲ್ಸಿಯಸ್‌ನಿಂದ 75ಕ್ಕೆ ಇಳಿದರೆ ಸಿಗುವ ಶಾಖ ಸುಮಾರು 836 ಕಿಲೋವ್ಯಾಟ್. ದೊಡ್ಡ ಸಂಖ್ಯೆಯೇ. ಆದರೆ ಅದರಲ್ಲಿ ಕರೆಂಟಾಗುವುದು ಚೂರು ಮಾತ್ರ.

ಇಷ್ಟು ಕಡಿಮೆ ಉಷ್ಣತೆಗೆ ಉಗಿ ಯಂತ್ರ ಒಗ್ಗದು. ಹಾಗಾಗಿ ನೀರಿನ ಬದಲು, ಬೇಗ ಕುದಿಯುವ ದ್ರವ ಬಳಸುವ ಆರ್ಗ್ಯಾನಿಕ್ ರ‍್ಯಾಂಕಿನ್ ಚಕ್ರ (ಓಆರ್‌ಸಿ) ಹಾಕುತ್ತಾರೆ. ಆರ್‌245ಎಫ್‌ಎ ಎಂಬ ಇಂಥ ದ್ರವ ವಾತಾವರಣದ ಒತ್ತಡದಲ್ಲಿ ಸುಮಾರು 15 ಡಿಗ್ರಿಗೇ ಕುದಿಯುತ್ತದೆ. ಪೆಂಟೇನ್ 36ಕ್ಕೆ, ಆದರೆ ಅದಕ್ಕೆ ಬೆಂಕಿಯ ಭಯವಿದೆ.

ದ್ರವ 75 ಡಿಗ್ರಿಯಲ್ಲಿ ಕುದಿದು 30ರಲ್ಲಿ ಮತ್ತೆ ದ್ರವವಾದರೆ, ಶಾಖದಲ್ಲಿ ಕೆಲಸವಾಗಿಸಬಹುದಾದ ಗರಿಷ್ಠ ಪಾಲು, ಅಂದರೆ ಕಾರ್ನೋ ಮಿತಿ, ಶೇ 12.9. ನಿಜವಾದ ಯಂತ್ರ ಅದರ ಅರ್ಧ ಕೊಟ್ಟರೆ ಜನರೇಟರ್‌ನಲ್ಲಿ 54 ಕಿಲೋವ್ಯಾಟ್. ದ್ರವವನ್ನು ಮತ್ತೆ ಕುದಿಯುವ ಕಡೆಗೆ ತಳ್ಳುವ ಫೀಡ್ ಪಂಪು, ಕೂಲಿಂಗ್ ಟವರಿನ ಫ್ಯಾನು, ನೀರಿನ ಪಂಪು ಸೇರಿ 15ರಿಂದ 20 ಕಿಲೋವ್ಯಾಟ್ ನುಂಗುತ್ತವೆ. ಮಾರಾಟಗಾರರ ಕಾಗದದಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲ ಅಂಕಿ. ನೀವು ಕೇಳಬೇಕಾದ್ದು ಕಳೆದುಳಿದದ್ದು, ಅದೂ ಬೇಸಿಗೆ ಮಧ್ಯಾಹ್ನದ್ದು. ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ಕಂಡೆನ್ಸರ್ 30ರ ಬದಲು 40 ಡಿಗ್ರಿಗೆ ಏರಿದರೆ ಮಿತಿ ಶೇ 10ಕ್ಕೆ ಕುಸಿಯುತ್ತದೆ. ಐದನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಆದ್ದರಿಂದ ದುಡ್ಡು ಸುರಿಯುವುದಾದರೆ ಟರ್ಬೈನಿಗಿಂತ ಮೊದಲು ಕಂಡೆನ್ಸರಿಗೆ ಸುರಿಯಿರಿ.

ಶಾಖ ಹೊಗೆಯಿಂದ ಬರುವುದಾದರೆ ಇನ್ನೊಂದು ಎಚ್ಚರ. ಇಂಧನದಲ್ಲಿ ಗಂಧಕವಿದ್ದರೆ ಹೊಗೆಯನ್ನು ಬೇಕಾಬಿಟ್ಟಿ ತಣಿಸುವಂತಿಲ್ಲ. ಕೊಳವೆಯ ಮೈ ಸುಮಾರು 120–150 ಡಿಗ್ರಿಗಿಂತ ಕೆಳಗಿಳಿದರೆ ಅದರ ಮೇಲೆ ಸಲ್ಫ್ಯೂರಿಕ್ ಆಮ್ಲ ಕೂತು ಲೋಹವನ್ನು ತಿನ್ನುತ್ತದೆ.

ನಡೆಯುವ ಘಟಕದಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಫೀಡ್ ಪಂಪು. ಕಂಡೆನ್ಸರಿನಿಂದ ಇಳಿಯುವ ದ್ರವ ಕುದಿಯುವ ಅಂಚಿನಲ್ಲೇ ಇರುತ್ತದೆ. ಹೀರುವ ಬಾಯಲ್ಲಿ ಒತ್ತಡ ತುಸು ತಗ್ಗಿದರೂ ಗುಳ್ಳೆ ಏಳುತ್ತದೆ. ಪಂಪಿನೊಳಗೆ ಜಲ್ಲಿ ಹಾಕಿ ತಿರುಗಿಸಿದಂಥ ಸದ್ದು, ಮಿಡುಕುವ ಪ್ರೆಷರ್ ಗೇಜು, ಆಮೇಲೆ ಗುಳಿಬಿದ್ದ ಇಂಪೆಲ್ಲರ್. ಸಂಗ್ರಹ ಟ್ಯಾಂಕನ್ನು ಪಂಪಿಗಿಂತ ಎತ್ತರದಲ್ಲಿ ಕೂರಿಸಿ, ಹೀರು ಕೊಳವೆಯನ್ನು ಅಗಲವಾಗಿ, ಬಾಗು ಕಡಿಮೆಯಿಟ್ಟು ಹಾಕಿದರೆ ಬಹಳಷ್ಟು ತಪ್ಪುತ್ತದೆ.

ಎರಡನೆಯದು ಒಳಗೆ ಸೇರಿಕೊಂಡ ಗಾಳಿ. ಪೆಂಟೇನ್ ಘಟಕ ನಿಂತು ತಣಿದಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದು, ಸಡಿಲ ಸೀಲಿನಿಂದ ಗಾಳಿ ನುಸುಳುತ್ತದೆ. ಅದು ದ್ರವವಾಗದೆ ಕಂಡೆನ್ಸರಿನಲ್ಲೇ ಕೂತು ಒತ್ತಡ ಏರಿಸುತ್ತದೆ. ಪತ್ತೆಹಚ್ಚುವುದು ಸುಲಭ: ಯಂತ್ರ ನಿಲ್ಲಿಸಿ, ಇಡೀ ಘಟಕ ಒಂದೇ ಉಷ್ಣತೆಗೆ ಬಂದ ಮೇಲೆ ಕಂಡೆನ್ಸರಿನ ಒತ್ತಡವನ್ನು ಆ ಉಷ್ಣತೆಗೆ ಆ ದ್ರವದ ಕೋಷ್ಟಕ ಹೇಳುವ ಒತ್ತಡದೊಂದಿಗೆ ಹೋಲಿಸಿ. ಗೇಜು ಹೆಚ್ಚು ತೋರಿಸಿದರೆ, ಆ ಹೆಚ್ಚುವರಿ ಗಾಳಿಯದು. ಅದನ್ನು ಹೊರಹಾಕುವ ಮುಂಚೆ ಸೀಲು ಸರಿಪಡಿಸಿ.