ಮಾಡೆಲ್ 100ಕ್ಕೆ ಮೆಮೊರಿ ಬೋರ್ಡ್: ಮಾಡಿ, ಕೆಡಿಸಿ, ಕಲಿತ ಟಿಪ್ಪಣಿ

ಡಿಪ್ಲೊಮಾದಲ್ಲೋ ಬಿ.ಇ.ಯಲ್ಲೋ 8085 ಮೈಕ್ರೊಪ್ರೊಸೆಸರ್ ಕಿಟ್‌ನ ಕೀಲಿ ಒತ್ತಿದವರಿಗೆ ಇದು ಹಳೇ ಪಾಠವೇ. ಪರೀಕ್ಷೆಗೆಂದು ಉರು ಹೊಡೆದ ಎಎಲ್‌ಇ, ಆರ್‌ಡಿ, ಡಬ್ಲ್ಯುಆರ್‌ಗಳು (ವಿಳಾಸ ಬಂತು, ಓದು, ಬರೆ ಎಂದು ಪ್ರೊಸೆಸರ್ ಕೊಡುವ ಸಂಕೇತಗಳು) ಒಂದು ನಿಜವಾದ ಕಂಪ್ಯೂಟರಿನೊಳಗೆ ಕೆಲಸ ಮಾಡುವುದನ್ನು ನೋಡಬೇಕೆಂದು ನಾನು ಆರಿಸಿಕೊಂಡದ್ದು ಟಿಆರ್‌ಎಸ್-80 ಮಾಡೆಲ್ 100. 1983ರಲ್ಲಿ ಟ್ಯಾಂಡಿ ಕಂಪನಿ ತನ್ನ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಮಾರಿದ ಮಡಿಲ ಕಂಪ್ಯೂಟರ್, ತಯಾರಿಸಿದ್ದು ಜಪಾನಿನ ಕ್ಯೋಸೆರಾ. 40 ಅಕ್ಷರದ 8 ಸಾಲಿನ ಎಲ್‌ಸಿಡಿ ಪರದೆ, ನಾಲ್ಕು ಎಎ ಸೆಲ್, ಒಳಗೆ 80ಸಿ85, ಅಂದರೆ ನಮ್ಮ 8085ರ ಸಿಮಾಸ್ (ಕಡಿಮೆ ವಿದ್ಯುತ್ತಿನ) ತಮ್ಮ.

ಇದರ ತಳದಲ್ಲಿ ಒಂದು ಮುಚ್ಚಳವಿದೆ. ತೆಗೆದರೆ ಎರಡು ಸಾಕೆಟ್ ಕಾಣುತ್ತವೆ: ಹೆಚ್ಚುವರಿ ರಾಮ್‌ಗೆ ಅಲ್ಲ, ರಾಮ್‌ನ ಅಣ್ಣ ರೋಮ್‌ಗೆ 28 ಕಾಲಿನದ್ದೊಂದು, ಸಿಸ್ಟಂ ಬಸ್‌ಗೆ, ಅಂದರೆ ಪ್ರೊಸೆಸರಿನ ವಿಳಾಸ, ಡೇಟಾ ತಂತಿಗಳಿಗೆ, 40 ಕಾಲಿನದ್ದೊಂದು. ರೋಮ್ ಸಾಕೆಟ್ಟಿಗೆ 27ಸಿ256 ರೋಮ್ ಚಿಪ್ ತಂದು ನೇರ ಚುಚ್ಚಬೇಡಿ. ಕಾಲಿನ ಎಣಿಕೆ ಒಂದೇ ಆದರೂ ಕಾಲುಗಳ ಕ್ರಮ ಬೇರೆ, ನಡುವೆ ಅಡಾಪ್ಟರ್ ಬೇಕೇ ಬೇಕು. ನಮಗೆ ಬೇಕಾದದ್ದು 40 ಕಾಲಿನದ್ದು.

ಜಾಗ ಎಲ್ಲಿದೆ?

8085ಕ್ಕೆ ಕಾಣುವುದು 64 ಕಿಲೋಬೈಟ್ ಮಾತ್ರ. ಕೆಳಗಿನ 32 ಕಿಲೋಬೈಟಿನಲ್ಲಿ ರೋಮ್ ಕೂತಿದೆ, ಮೇಲಿನ 32ರಲ್ಲಿ ರಾಮ್. ರಾಮ್ ಪೂರ್ತಿ ತುಂಬಿಸಿದ ಯಂತ್ರದಲ್ಲಿ ಸೂಜಿ ಊರಲೂ ಜಾಗವಿಲ್ಲ. ಹಾಗಾಗಿ ಹೊಸ ಮೆಮೊರಿಯನ್ನು ನಕಾಶೆಯೊಳಗೆ ತುರುಕುವ ಬದಲು ಐ/ಒ ಪೋರ್ಟುಗಳ ಹಿಂದೆ ಇಟ್ಟೆ. ಮೂರು ಪೋರ್ಟುಗಳಿಗೆ ವಿಳಾಸ ಬರೆಯುವುದು, ನಾಲ್ಕನೆಯದರಲ್ಲಿ ಬೈಟ್ ಓದುವುದು ಇಲ್ಲವೇ ಬರೆಯುವುದು. ನಿಧಾನ, ಹೌದು. ಪ್ರೋಗ್ರಾಂ ಅಲ್ಲಿಂದ ಓಡುವುದಿಲ್ಲ, ಕಡತಗಳ ಉಗ್ರಾಣವಾಗಿ ಮಾತ್ರ ಬಳಸಬಹುದು. ಕಲಿಯುವವರಿಗೆ ಇದೇ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ: ತಪ್ಪಾದರೆ ಬೋರ್ಡ್ ಮಾತ್ರ ಸುಮ್ಮನಿರುತ್ತದೆ, ಯಂತ್ರ ಎಂದಿನಂತೆ ಏಳುತ್ತದೆ.

ಪೋರ್ಟ್ 176ರಿಂದ ಮೇಲಿನವು ಯಂತ್ರದ ಸ್ವಂತದವು: ಕೀಲಿಮಣೆ, ಸೀರಿಯಲ್, ಎಲ್‌ಸಿಡಿ. 160ರ ಗುಂಪು ಮೋಡೆಮಿಗೆ ಹೋಗಿದೆ. ನಾನು 128ರಿಂದ 131 ಹಿಡಿದೆ. ನಿಮ್ಮ ಯಂತ್ರಕ್ಕೆ ಬೇರೆ ಉಪಕರಣ ಏನಾದರೂ ಜೋಡಿಸಿದ್ದರೆ ಅದು ಯಾವ ಪೋರ್ಟ್ ಬಳಸುತ್ತದೆ ಎಂದು ಮೊದಲು ನೋಡಿ.

ಇಲ್ಲೊಂದು ಸೊಗಸು ಇದೆ. 8085ರಲ್ಲಿ ವಿಳಾಸದ ಕೆಳಗಿನ ಎಂಟು ಬಿಟ್‌ಗಳೂ ಡೇಟಾವೂ ಒಂದೇ ತಂತಿಗಳಲ್ಲಿ ಸರದಿಯಂತೆ ಬರುತ್ತವೆ, ಎಎಲ್‌ಇ ಬಂದಾಗ 74ಎಚ್‌ಸಿ373 ಎಂಬ ಲ್ಯಾಚ್ ಚಿಪ್ ಹಾಕಿ ವಿಳಾಸವನ್ನು ಹಿಡಿದಿಟ್ಟುಕೊಳ್ಳಬೇಕು ಎಂದು ಪಾಠದಲ್ಲಿತ್ತಲ್ಲ? ಇನ್, ಔಟ್ ಸೂಚನೆಗಳಲ್ಲಿ ಪೋರ್ಟ್ ಸಂಖ್ಯೆ ಕೆಳಗಿನ ತಂತಿಗಳಲ್ಲೂ ಎ8ರಿಂದ ಎ15ರವರೆಗಿನ ಮೇಲಿನ ತಂತಿಗಳಲ್ಲೂ ಏಕಕಾಲಕ್ಕೆ ಬರುತ್ತದೆ. ಮೇಲಿನವು ಅಷ್ಟು ಹೊತ್ತೂ ಅಲುಗಾಡದೆ ನಿಂತಿರುತ್ತವೆ. ಅಂದ ಮೇಲೆ 373 ಬೇಡವೇ ಬೇಡ. ಎ12ರಿಂದ ಎ15 ನೋಡಿ ಒಂದು 74ಎಚ್‌ಸಿ138 (ವಿಳಾಸ ಬಿಡಿಸುವ ಡಿಕೋಡರ್ ಚಿಪ್) ಗುಂಪನ್ನು ಗುರುತಿಸುತ್ತದೆ, ಇನ್ನೊಂದು ಎ8, ಎ9 ನೋಡಿ ನಾಲ್ಕರಲ್ಲಿ ಯಾವುದು ಎಂದು ಹೇಳುತ್ತದೆ. ಎರಡನೆಯದರ ಎನೇಬಲ್ ಕಾಲಿಗೆ ಐಒ/ಎಂ ಸಂಕೇತ (ಈಗಿನ ಕೆಲಸ ಪೋರ್ಟಿಗೋ ಮೆಮೊರಿಗೋ ಎಂದು ಹೇಳುವುದು) ಸೇರಿಸಲು ಮರೆಯಬೇಡಿ. ಮರೆತರೆ ರಾಮ್‌ಗೆ ಬರೆದದ್ದೂ ನಿಮ್ಮ ಪೋರ್ಟಿಗೆ ಬಂದು ಬೀಳುತ್ತದೆ.

ಅಂಚಿನ ಎಡವಟ್ಟು

ವಿಳಾಸ ಹಿಡಿದಿಡಲು ಎಂಟೆಂಟು ಬಿಟ್ ಹಿಡಿಯುವ 74ಎಚ್‌ಸಿ574 ಎರಡು, 17ನೇ ಬಿಟ್‌ಗೆ ಒಂದು ಫ್ಲಿಪ್‌ಫ್ಲಾಪ್. 574 ತನ್ನ ಕ್ಲಾಕ್ ಕೆಳಗಿನಿಂದ ಮೇಲಕ್ಕೆ ಏರುವ ಕ್ಷಣದಲ್ಲಿ ಬಸ್ಸಿನ ಮೇಲಿರುವುದನ್ನು ನುಂಗುತ್ತದೆ. ಮೊದಲ ಬೋರ್ಡಿನಲ್ಲಿ ನಾನು ಈ ಸಂಕೇತವನ್ನು ಒಂದು ಇನ್ವರ್ಟರ್ ಮೂಲಕ ಕೊಟ್ಟಿದ್ದೆ, ಯಾಕೆಂದು ಈಗಲೂ ಹೇಳಲಾರೆ. ಫಲ: ನಾನು 5 ಬರೆದರೂ 77 ಬರೆದರೂ ಎಷ್ಟೋ ಸಲ ಲ್ಯಾಚ್‌ನಲ್ಲಿ ಕೂತಿರುತ್ತಿದ್ದದ್ದು 128. ಒಂದು ವಾರ ಬೆಸುಗೆಯನ್ನು ಬೈದೆ. ಆಮೇಲೆ ಹೊಳೆಯಿತು, 128 ಅಂದರೆ ಪೋರ್ಟ್ ಸಂಖ್ಯೆಯೇ!

ಆದದ್ದಿಷ್ಟು. ಡಬ್ಲ್ಯುಆರ್ ಕೆಳಗಿಳಿಯುವ ಹೊತ್ತಿಗೆ ಡೇಟಾ ಇನ್ನೂ ಬರುತ್ತಿರುತ್ತದೆ, ತಂತಿಗಳ ಮೇಲೆ ವಿಳಾಸದ ಬಾಲ ಉಳಿದಿರಬಹುದು. ಇನ್ವರ್ಟರಿನಿಂದಾಗಿ ನನ್ನ 574 ಆ ಕ್ಷಣದಲ್ಲೇ ನುಂಗುತ್ತಿತ್ತು. ಡಬ್ಲ್ಯುಆರ್ ಮತ್ತೆ ಮೇಲೇರುವಾಗ ಮಾತ್ರ ಡೇಟಾ ಗಟ್ಟಿಯಾಗಿ ನಿಂತಿರುತ್ತದೆ. 138ರ ಹೊರಕಾಲು ಹೇಗೂ ಕೆಳಗಿಳಿದು ಮೇಲೇರುವಂಥದ್ದು, ಅದನ್ನು ನೇರವಾಗಿ ಕ್ಲಾಕಿಗೆ ಕೊಟ್ಟರೆ ಮುಗಿಯಿತು. ಇನ್ವರ್ಟರ್ ಕಿತ್ತೆ, ಸರಿಹೋಯಿತು.

ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಡಿಯಾರ 2.4576 ಮೆಗಾಹರ್ಟ್ಸ್, ಒಂದು ಸುತ್ತಿಗೆ 407 ನ್ಯಾನೊಸೆಕೆಂಡ್. ಇವತ್ತು ಸಿಗುವ 55 ನ್ಯಾನೊಸೆಕೆಂಡಿನ ರಾಮ್ ಅದರ ಮುಂದೆ ಕುದುರೆ.

ವಿದ್ಯುತ್ತಿನ ಲೆಕ್ಕ

ನಾಲ್ಕು ಎಎ ಸೆಲ್ಲಿನಲ್ಲಿ ಯಂತ್ರ ಸುಮಾರು 20 ಗಂಟೆ ಓಡುತ್ತದೆ. ಸೆಲ್ 2000 ಮಿಲಿಆಂಪಿಯರ್ ಗಂಟೆಯದ್ದು ಎಂದುಕೊಂಡರೆ ಇಡೀ ಕಂಪ್ಯೂಟರ್ ತಿನ್ನುವುದು 100 ಮಿಲಿಆಂಪಿಯರ್. ಎಲ್ಲ ತರ್ಕವನ್ನೂ ಒಂದೇ ಚಿಪ್ಪಿನಲ್ಲಿ ಮುಗಿಸೋಣವೆಂದು ಹಳೇ ಜಿಎಎಲ್16ವಿ8 (ತರ್ಕವನ್ನು ನಾವೇ ಬರೆದು ತುಂಬುವ ಚಿಪ್) ಹಾಕಿದರೆ ಅದೊಂದೇ 50ರ ಹತ್ತಿರ ತಿನ್ನುತ್ತದೆ. ಎಚ್‌ಸಿಯ ಹಳೇ ರೂಪವಾದ 74ಎಲ್‌ಎಸ್ ಚಿಪ್ಪುಗಳೂ ಹೊಟ್ಟೆಬಾಕಗಳೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಚ್‌ಸಿ ಕೇಳಿದಾಗ ಎಲ್‌ಎಸ್ ಕೈಗಿತ್ತು "ಎರಡೂ ಒಂದೇ ಸಾರ್" ಅಂದರೆ ನಂಬಬೇಡಿ, ಚಿಪ್ಪಿನ ಬೆನ್ನು ಓದಿ.

ಆಫ್ ಮಾಡಿದ ಮೇಲೆ

ಓಡುವಾಗ ಕೆಲಸ ಮಾಡುವ ಬೋರ್ಡನ್ನು ಯಾರು ಬೇಕಾದರೂ ಮಾಡಿಯಾರು. ಈ ಯಂತ್ರ ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ, ಆದರೂ ರಾಮ್‌ನಲ್ಲಿದ್ದದ್ದು ಉಳಿಯುತ್ತದೆ. ನಮ್ಮ ಬೋರ್ಡೂ ಹಾಗೇ ಇರಬೇಕು. ಅದಕ್ಕೆಂದು ಒಂದು ಸಿಆರ್2032 ಸೆಲ್ ಹಾಕಿ, ಷಾಟ್ಕಿ ಡಯೋಡಿನ ಮೂಲಕ ರಾಮ್‌ಗೆ ಮಾತ್ರ ಕೊಟ್ಟೆ. ಉಳಿದ ಚಿಪ್ಪುಗಳೆಲ್ಲ ಯಂತ್ರದ 5 ವೋಲ್ಟಿನ ಮೇಲೆ.

ರಾಮ್ ನಿದ್ದೆಯಲ್ಲಿರಬೇಕಾದರೆ ಅದರ ಸಿಇ (ಚಿಪ್ ಎನೇಬಲ್) ಕಾಲು ಮೇಲಿರಬೇಕು, ಸರಿಯಲ್ಲವೇ? ಸೆಲ್ಲಿನಿಂದ 10 ಕಿಲೋಓಮ್ ರೆಸಿಸ್ಟರ್ ಹಾಕಿ ಮೇಲೆತ್ತಿದೆ. ಸೆಲ್ ತಿಂಗಳೊಪ್ಪತ್ತಿನಲ್ಲಿ ಖಾಲಿ. ಯಾಕೆಂದರೆ ಆ ಕಾಲನ್ನು ನಡೆಸುವ ಎಚ್‌ಸಿ ಚಿಪ್ಪಿಗೆ ಆಗ ವಿದ್ಯುತ್ತಿಲ್ಲ, ಅದರ ಹೊರಕಾಲಿನಿಂದ ಸತ್ತ 5 ವೋಲ್ಟ್ ತಂತಿಗೆ ಒಳಗೊಂದು ಡಯೋಡ್ ಇದೆ. ಕರೆಂಟು ಆ ಕಳ್ಳದಾರಿಯಲ್ಲಿ ಹರಿಯಿತು. ಸೆಲ್ಲಿನ 3 ವೋಲ್ಟಿನಲ್ಲಿ ಡಯೋಡಿನ 0.6 ಕಳೆದು 10 ಕಿಲೋಓಮ್‌ನಿಂದ ಭಾಗಿಸಿದರೆ 0.24 ಮಿಲಿಆಂಪಿಯರ್. ಸೆಲ್ಲಿನಲ್ಲಿರುವುದು ಸುಮಾರು 220 ಮಿಲಿಆಂಪಿಯರ್ ಗಂಟೆ. ಲೆಕ್ಕ 38 ದಿನಕ್ಕೆ ನಿಂತಿತು.

ಪರಿಹಾರ ರಾಮ್ ಚಿಪ್ಪಿನಲ್ಲೇ ಇತ್ತು. ಎಎಸ್6ಸಿ1008ಕ್ಕೆ ಸಿಇ ಅಲ್ಲದೆ ಸಿಇ2 ಎಂಬ ಇನ್ನೊಂದು ಕಾಲಿದೆ, ಅದು ಕೆಳಗಿದ್ದರೆ ಚಿಪ್ ನಿದ್ದೆ. ಸಿಇ2ನ್ನು 47 ಕಿಲೋಓಮ್‌ನಿಂದ ಗ್ರೌಂಡಿಗೆ ಕಟ್ಟಿದೆ. ಎರಡೂ ತುದಿ ಸೊನ್ನೆ ವೋಲ್ಟ್, ಸೋರಲು ದಾರಿಯೇ ಇಲ್ಲ. ವಿದ್ಯುತ್ ಇಳಿಯುತ್ತಿರುವ ಆ ಮಿಲಿಸೆಕೆಂಡುಗಳಲ್ಲಿ ಸಿಪಿಯು ಏನೇನೋ ಬರೆಯದಂತೆ, ಸಿಇ2ನ್ನು ಮೇಲೆತ್ತುವ ಕೆಲಸವನ್ನು 4.4 ವೋಲ್ಟಿನ ಆಸುಪಾಸಿನಲ್ಲಿ ಕೈಬಿಡುವ ಒಂದು ಪುಟ್ಟ ರೀಸೆಟ್ ಚಿಪ್ಪಿಗೆ ಒಪ್ಪಿಸಿದ್ದೇನೆ.

ಚುಚ್ಚುವ ಮೊದಲು

ಯಂತ್ರದೊಳಗೆ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇದೆ. ಅದರ ಸುತ್ತ ಹಸಿರು ಕಿಲುಬು ಕಂಡರೆ ಬೋರ್ಡಿನ ಆಸೆ ಬಿಟ್ಟು ಮೊದಲು ಅದನ್ನು ತೆಗೆದು ಸ್ವಚ್ಛ ಮಾಡಿ. 40 ಕಾಲಿನ ಸಾಕೆಟ್ಟಿಗೆ ಮಾಮೂಲಿ ದಪ್ಪ ಚೌಕ ಪಿನ್ ಒತ್ತಬೇಡಿ, ಒಳಗಿನ ತಗಡು ಅಗಲವಾಗಿ ಆಮೇಲೆ ಯಾವುದನ್ನೂ ಹಿಡಿಯುವುದಿಲ್ಲ. ಐಸಿ ಕಾಲಿನಷ್ಟೇ ತೆಳ್ಳಗಿನ ಪಿನ್ ಇರುವ ಪ್ಲಗ್ ಬಳಸಿ.

ಮೊದಲ ಪರೀಕ್ಷೆಗೆ ಬೇಸಿಕ್ ಸಾಕು. ಔಟ್ 128,0 ಆಮೇಲೆ ಔಟ್ 129,0 ಆಮೇಲೆ ಔಟ್ 130,0. ನಂತರ ಔಟ್ 131,85 ಬರೆದು ಪ್ರಿಂಟ್ ಐಎನ್‌ಪಿ(131) ಎಂದು ಕೇಳಿ. 85 ಬಂದರೆ 170 ಬರೆದು ನೋಡಿ, ಎಲ್ಲ ಬಿಟ್ ತಿರುವುಮುರುವು ಆಗುವ ಜೋಡಿ ಅದು. ಎರಡನೇ ಪರೀಕ್ಷೆ ಯಂತ್ರ ಆಫ್ ಮಾಡಿ: ಸೆಲ್ಲಿನ ಸಾಲಿನಲ್ಲಿ 10 ಕಿಲೋಓಮ್ ಸೇರಿಸಿ, ಅದರ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಪ್ರತಿ 10 ಮಿಲಿವೋಲ್ಟಿಗೆ ಒಂದು ಮೈಕ್ರೊಆಂಪಿಯರ್. 50 ಮಿಲಿವೋಲ್ಟಿನೊಳಗಿದ್ದರೆ ಸೆಲ್ ಐದು ವರ್ಷ ಬಂದೀತು. ನೂರಾರು ತೋರಿಸಿದರೆ ಎಲ್ಲೋ ಒಂದು ಕಾಲು ಸತ್ತ ಚಿಪ್ಪಿಗೆ ಊಟ ಬಡಿಸುತ್ತಿದೆ. ರಾಮ್‌ಗೆ ಹೋಗುವ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಾ ಮೀಟರ್ ನೋಡಿ.